ಹಡಪದೊಳಗಿನ ಮಸೆಗಲ್ಲು

ಮಸೆಯುವ ಕೆಲಸಕ್ಕೆ ಕನ್ನಡಿಗರು ಅದೇಕೋ ಅಪಕೀರ್ತಿಯನ್ನು ಹೊರಿಸಿದ್ದಾರೆ. ಇಬ್ಬರ ನಡುವೆ ವೈರ ಬೆಳೆಯಿತೆಂದರೆ ಒಬ್ಬನು ಇನ್ನೊಬ್ಬನ ಮೇಲೆ ಕತ್ತಿ ಮಸೆಯುತ್ತಿದ್ದಾನೆ ಎನ್ನುವುದು ವಾಡಿಕೆ. ಸಿಟ್ಟು ಹೊರಗೆ ಬಾರದೆ ಒಳಗೇ ಕುದಿದರೆ ಹಲ್ಲು ಮಸೆದನೆನ್ನುತ್ತಾರೆ. ಹರಿತವಾದುದೆಲ್ಲ ಇರಿಯುವುದಕ್ಕೇ ಹುಟ್ಟಿದೆ ಎಂಬ ಭಾವನೆ ಮಾತಿನಲ್ಲಿ ಹೀಗೆ ನೆಲೆಯೂರಿಬಿಟ್ಟಿದೆ. ಆದರೆ ಗಾಯವಾಗದಿರಲಿ ಎಂದೇ ಮಸೆಯಲ್ಪಡುವ ಕತ್ತಿಯೊಂದುಂಟು. ಅದು ಕ್ಷೌರದ ಕತ್ತಿ. ಮೊಂಡಾದಾಗ ಕೊಯ್ದು ರಕ್ತ ಬರಿಸುವ, ಹರಿತವಾದಾಗ ಗಾಳಿಯಂತೆ ಸುಳಿದುಹೋಗುವ ಈ ಅಲಗಿನ ಗುಟ್ಟು ಅಲಗಿನಲ್ಲಿಲ್ಲ. ಅದರ ಪಕ್ಕದಲ್ಲಿ ಸುಮ್ಮನೆ ಮಲಗಿರುವ ಕಲ್ಲಿನಲ್ಲಿದೆ. ಆ ಮಾತು ಗುಡಗೇರಿಯ ಒಂದು ಮನೆಯವರಿಗೆ ತಿಳಿದದ್ದು ಮೊಮ್ಮಗುವಿನ ಜಾವಳದ ದಿನ.

ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ಹೊರಟ ರೈಲು ಕುಂದಗೋಳ, ಸಂಶಿಗಳನ್ನು ದಾಟಿದ ಮೇಲೆ ಗುಡಗೇರಿಯ ನಿಲ್ದಾಣ ಬರುತ್ತದೆ. ಸುತ್ತಲೂ ಕಣ್ಣು ಹಾಯುವವರೆಗೆ ಎರೆಯ ಹೊಲ. ಆ ಊರಿನ ಹಳೆಯ ಮನೆಯೊಂದಕ್ಕೆ ಬೆಂಗಳೂರಿನಿಂದ ಮಗ, ಸೊಸೆ, ಹನ್ನೊಂದು ತಿಂಗಳ ಕೂಸು ಬಂದಿದ್ದರು. ಮನೆದೇವರ ಹೆಸರಿನಲ್ಲಿ ಕೂಸಿನ ಮೊದಲ ಕೂದಲನ್ನು ತೆಗೆಸಬೇಕು. ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂಡಿಸಿ ಆರತಿಯನ್ನು ಸಿದ್ಧಗೊಳಿಸಿದರು. ಬಾಗಿಲಲ್ಲಿ ಎಪ್ಪತ್ತನ್ನು ದಾಟಿದ ನಾವಲಿಗನೊಬ್ಬನು ಕಂಕುಳಲ್ಲಿ ಹಡಪವನ್ನು ಹಿಡಿದು ನಿಂತಿದ್ದನು. ಆ ಮನೆಯ ಮೂರು ತಲೆಮಾರಿನ ಜಾವಳವನ್ನು ಮಾಡಿದ ಕೈ ಅದು.

ಹಡಪ ಬಿಚ್ಚಿತು. ಕತ್ತರಿ, ಬಾಚಣಿಗೆ, ನೀರಿನ ಬಟ್ಟಲು, ಮಡಿಚಿದ ಹಳೆಯ ಕತ್ತಿ, ಒಂದು ತೊಗಲಿನ ಪಟ್ಟಿ, ಅಂಗೈಯುದ್ದದ ಬೂದುಬಣ್ಣದ ಕಲ್ಲು. ಹಳೆಯ ಕತ್ತಿಯನ್ನು ಕಂಡೊಡನೆ ತಾಯಿಯ ಮುಖ ಬಾಡಿತು. ವೃದ್ಧನು ಅದನ್ನು ಗಮನಿಸಿದನು. “ಅಂಜಬ್ಯಾಡ್ರವ್ವಾ, ಕೂಸಿಗೆ ಹೊಸಾ ಬ್ಲೇಡ” ಎಂದು ಕಾಗದದ ಸುತ್ತಿನಿಂದ ಬ್ಲೇಡನ್ನು ಎಲ್ಲರೆದುರಿಗೇ ಬಿಡಿಸಿ, ಅರ್ಧ ಮುರಿದು, ಹಿಡಿಕೆಗೆ ಸೇರಿಸಿದನು. ಕೂಸು ಅಳುವುದಕ್ಕೆ ಮೊದಲೇ ನೆತ್ತಿಯ ಒಂದು ಭಾಗ ನುಣ್ಣಗಾಗಿತ್ತು. ಕೆಲಸ ಮುಗಿಯಿತು, ಅರಿಸಿನ ಹಚ್ಚಿದರು. ಆಗ ಅಜ್ಜಿಯು ಒಳಗಿನ ಪೆಟ್ಟಿಗೆಯಿಂದ ಒಂದು ಗಂಟನ್ನು ತಂದು ಮಗನ ಮುಂದಿಟ್ಟಳು. ಅದು ತೀರಿಕೊಂಡ ಅಜ್ಜನ ಸ್ವಂತ ಕ್ಷೌರದ ಸಾಮಾನು. ಜರ್ಮನಿಯ ಜೋಲಿಂಗನ್ ಊರಿನ ಮುದ್ರೆಯುಳ್ಳ ಮಡಿಚುಕತ್ತಿ, ಅದರ ಜೊತೆಗೆ ಒಂದು ಕಲ್ಲು.

ಮಗನು ಕತ್ತಿಯನ್ನು ಬಿಚ್ಚಿ ನೋಡಿ, ಇದು ಇನ್ನು ಗೋಡೆಗೆ ತೂಗುಹಾಕಲು ಮಾತ್ರ ಯೋಗ್ಯವೆಂದನು. ನಾಲ್ಕು ವರ್ಷಗಳ ಹಿಂದೊಮ್ಮೆ ಅದೇ ಕಲ್ಲಿನ ಮೇಲೆ ತಾನೇ ಉಜ್ಜಿ ನೋಡಿದ್ದನಂತೆ. ಗಲ್ಲದ ಮೇಲೆ ಗೀರು ಬಿದ್ದದ್ದಲ್ಲದೆ ಬೇರೇನೂ ಆಗಲಿಲ್ಲ. ವೃದ್ಧನು ಕತ್ತಿಯನ್ನು ಕೇಳಲಿಲ್ಲ, ಕಲ್ಲನ್ನು ಕೇಳಿದನು. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಅಡ್ಡ ಹಿಡಿದು ಒಂದು ಕ್ಷಣ ನೋಡಿ, “ಕತ್ತಿ ಏನೂ ಕೆಟ್ಟಿಲ್ರಿ. ಕಲ್ಲು ಕೆಟ್ಟೈತಿ” ಎಂದನು.

ಕಲ್ಲು ಕೆಡುವುದುಂಟೆ? ಮಳೆಗೆ ಕರಗದ, ಬಿಸಿಲಿಗೆ ಬಾಡದ ವಸ್ತುವೆಂದೇ ಕಲ್ಲಿಗೆ ಜನರಲ್ಲಿ ಗೌರವ. ಗುಡಗೇರಿಯಂಥ ಎರೆಯ ನೆಲದಲ್ಲಂತೂ ಕಲ್ಲೆಂದರೆ ಹೊರಗಿನಿಂದ ತಂದು ಕಾದಿಟ್ಟುಕೊಳ್ಳಬೇಕಾದ ಪದಾರ್ಥ. ಗುಡಿಗೆರೆ ಎಂಬ ಹಳೆಯ ಹೆಸರಿನ ಈ ಊರಿನಲ್ಲಿ 1076ರ ಒಂದು ಜೈನ ಶಾಸನ ದೊರೆತಿದೆ. ಸುಮಾರು ಸಾವಿರ ವರ್ಷ ಅಕ್ಷರವನ್ನು ಹೊತ್ತು ನಿಂತ ಕಲ್ಲು ಅದು. ಆದರೆ ಶಾಸನದ ಕಲ್ಲಿಗೂ ಮಸೆಗಲ್ಲಿಗೂ ಒಂದು ಭೇದವುಂಟು. ಶಾಸನದ ಕಲ್ಲು ಸುಮ್ಮನೆ ನಿಂತರೆ ಸಾಕು. ಮಸೆಗಲ್ಲು ದುಡಿಯಬೇಕು, ದುಡಿಯುವುದೆಲ್ಲ ಸವೆಯುತ್ತದೆ.

ಈ ಸವೆತದ ಗುರುತು ಕರ್ನಾಟಕದಲ್ಲಿ ಬಹಳ ಹಳೆಯದು. ಬಳ್ಳಾರಿಯ ಸಮೀಪದ ಸಂಗನಕಲ್ಲು, ಕುಪ್ಪಗಲ್ಲುಗಳ ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದರು. ಅಲ್ಲಿಯ ಬಂಡೆಗಳ ಮೇಲೆ ಉದ್ದುದ್ದನೆಯ ತೋಡುಗಳು ಇಂದಿಗೂ ಕಾಣುತ್ತವೆ. ಅವು ನೀರು ಕೊರೆದುದಲ್ಲ, ಕೊಡಲಿಯ ಬಾಯಿಯನ್ನು ಉಜ್ಜಿ ಉಜ್ಜಿ ಮನುಷ್ಯನ ಕೈಯೇ ಕೊರೆದುದು. ಆ ನೆಲೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಶೋಧಿಸಿದವರಲ್ಲಿ ಪ್ರಮುಖನಾದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಎಂಬವನೇ 1880ರ ದಶಕದಲ್ಲಿ ಈ ಸೀಮೆಯ ಪುರಾತನ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನು ಕೊಟ್ಟನು. ಲೋಕದ ಭೂವಿಜ್ಞಾನ ಗ್ರಂಥಗಳಲ್ಲೆಲ್ಲ ಇಂದು ಧಾರವಾಡವೆಂದರೆ ಊರಿಗಿಂತ ಮೊದಲು ಶಿಲೆ.

ಹಾಗಾದರೆ ಧಾರವಾಡದ ಶಿಲೆಯೆಲ್ಲ ಮಸೆಗಲ್ಲಾಗುವುದೆ? ಆಗದು. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವನ್ನು ಕಟ್ಟಿದ ಬಳಪದ ಕಲ್ಲು ಉಳಿಗೆ ಬೆಣ್ಣೆಯಂತೆ ಒಲಿಯುತ್ತದೆ. ಶಿಲ್ಪಿಗೆ ಅದು ವರ. ಆದರೆ ಉಕ್ಕಿಗಿಂತ ಮೆದುವಾದ ಕಲ್ಲು ಉಕ್ಕನ್ನು ಹೇಗೆ ತಿದ್ದೀತು? ಬಾದಾಮಿಯ ಮರಳುಗಲ್ಲು ಗಡಸಾದ ಕಣಗಳಿಂದಾದದ್ದು ನಿಜ, ಆದರೆ ಆ ಕಣಗಳು ದಪ್ಪ. ಅಂಥ ಕಲ್ಲು ಕುಡುಗೋಲಿಗೆ ಸರಿ, ಕ್ಷೌರದ ಕತ್ತಿಗೆ ಗರಗಸದ ಹಲ್ಲನ್ನು ಮೂಡಿಸೀತು. ಒಳ್ಳೆಯ ಮಸೆಗಲ್ಲಿಗೆ ಎರಡು ಗುಣಗಳು ಕೂಡಿರಬೇಕು. ಉಕ್ಕಿಗಿಂತ ಗಡಸಾದ ಕಣಗಳಿರಬೇಕು. ಆ ಕಣಗಳು ಬೆರಳಿಗೆ ತೋರದಷ್ಟು ಸಣ್ಣವಾಗಿ, ಒಂದೇ ಸಮನಾಗಿ ಹರಡಿರಬೇಕು.

ಈ ಎರಡು ಗುಣಗಳು ಕೂಡಿದ ಕಲ್ಲು ಭೂಮಿಯ ಮೇಲೆ ಕೆಲವೇ ಕಡೆಗಳಲ್ಲಿ ದೊರೆಯುತ್ತದೆ. ಬೆಲ್ಜಿಯಂ ದೇಶದ ಆರ್ಡೆನ್ ಸೀಮೆಯ ಕೋಟಿಕ್ಯೂಲ್ ಎಂಬ ಹಳದಿ ಕಲ್ಲಿನಲ್ಲಿ ಅತಿ ಸೂಕ್ಷ್ಮವಾದ ಗಾರ್ನೆಟ್ ಹರಳುಗಳಿವೆ. ಅದು ಬಹಳ ತೆಳುವಾದ ಪದರಗಳಲ್ಲಿ ದೊರೆಯುವುದರಿಂದ ಕೆಳಗೆ ಬೇರೆ ಕಲ್ಲನ್ನು ಅಂಟಿಸಿ ಮಾರುತ್ತಾರೆ. ಜರ್ಮನಿಯ ಥುರಿಂಜಿಯಾದ ನುಣುಪು ಪಾಟಿಗಲ್ಲು, ಜಪಾನಿನ ಕ್ಯೋಟೋ ನಗರದ ಸುತ್ತಲ ಬೆಟ್ಟಗಳ ಕಲ್ಲು, ಅಮೆರಿಕದ ಅರ್ಕಾನ್ಸಾ ಪ್ರಾಂತದ ನೊವಾಕ್ಯುಲೈಟ್ ಇವೆಲ್ಲ ಹೆಸರುವಾಸಿಯಾದವು. ಲ್ಯಾಟಿನ್ ಭಾಷೆಯಲ್ಲಿ ನೊವಾಕುಲ ಎಂದರೆ ಕ್ಷೌರದ ಕತ್ತಿ. ಕಲ್ಲಿಗೆ ಕತ್ತಿಯ ಹೆಸರೇ ನಿಂತುಬಿಟ್ಟಿದೆ. ಭಾರತವೂ ಜಗತ್ತಿಗೆ ಇಂಥ ಹೆಸರೊಂದನ್ನು ಕೊಟ್ಟಿದೆ. ವಜ್ರವೊಂದನ್ನು ಬಿಟ್ಟರೆ ಸಾಮಾನ್ಯ ಖನಿಜಗಳಲ್ಲೆಲ್ಲ ಗಡಸಾದ ಕುರುಂದದ ಕಲ್ಲು ಇಂಗ್ಲಿಷಿನಲ್ಲಿ ಕೊರಂಡಮ್ ಆದದ್ದು ಈ ನೆಲದ ಮಾತಿನಿಂದಲೇ. ಅದರ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಯ ಚಕ್ರ ಮಾಡುವುದು ಇಲ್ಲಿಯ ಸಾಣೆಗಾರರ ಹಳೆಯ ವಿದ್ಯೆ.

ಇದಕ್ಕಿಂತಲೂ ಅಚ್ಚರಿಯ ಸಂಗತಿ ಸುಶ್ರುತಸಂಹಿತೆಯಲ್ಲಿದೆ. ಸೂತ್ರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ವೈದ್ಯನ ಶಸ್ತ್ರಗಳ ವರ್ಣನೆ ಬರುತ್ತದೆ. ಛೇದನಕ್ಕೆ ಬಳಸುವ ಶಸ್ತ್ರದ ಅಲಗು ಕೂದಲಿನ ಅರ್ಧದಷ್ಟು ತೆಳ್ಳಗಿರಬೇಕು. ಮಸೆಯುವುದಕ್ಕೆ ಉದ್ದಿನಕಾಳಿನ ಬಣ್ಣದ ನುಣುಪಾದ ಕಲ್ಲು ಬೇಕು. ಮಸೆದ ಬಾಯನ್ನು ನೆಲೆಗೊಳಿಸುವುದಕ್ಕೆ ಬೂರುಗದ ಮರದ ಹಲಗೆ ಬೇಕು. ರೋಮವನ್ನು ಕತ್ತರಿಸುವಷ್ಟು ಹರಿತವಾದ ಬಳಿಕವೇ ಶಸ್ತ್ರವನ್ನು ಕೈಗೆತ್ತಿಕೊಳ್ಳಬೇಕು. ಕಲ್ಲು, ಹಲಗೆ, ಕೂದಲಿನ ಪರೀಕ್ಷೆ ಎಂಬ ಈ ಮೂರು ಮೆಟ್ಟಿಲುಗಳನ್ನು ಗುಡಗೇರಿಯ ಆ ವೃದ್ಧನು ಯಾವ ಸಂಹಿತೆಯನ್ನೂ ಓದದೆ ತನ್ನ ತಂದೆಯ ಕೈ ನೋಡಿ ಕಲಿತಿದ್ದನು. ಹಲಗೆಯ ಸ್ಥಾನದಲ್ಲಿ ತೊಗಲಿನ ಪಟ್ಟಿ ಬಂದಿದೆ, ಅಷ್ಟೆ.

ಕಲ್ಲು ಕೆಡುವ ಬಗೆ ಹೀಗೆ. ಕತ್ತಿಯು ಎಲ್ಲಕ್ಕಿಂತ ಹೆಚ್ಚು ಸಲ ಕಲ್ಲಿನ ನಡುಭಾಗದ ಮೇಲೆ ಹಾಯುತ್ತದೆ. ನಡುಭಾಗ ಸವೆದು ತಗ್ಗಾಗುತ್ತದೆ. ಅಂಚುಗಳು ಎತ್ತರವಾಗಿ ಉಳಿಯುತ್ತವೆ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಕ್ಷೌರದ ಕತ್ತಿಯನ್ನಾದರೋ ಕಲ್ಲಿನ ಮೇಲೆ ಪೂರ್ತಿಯಾಗಿ ಮಲಗಿಸಿ ಮಸೆಯಬೇಕು. ಅದರ ಬೆನ್ನೂ ಬಾಯಿಯೂ ಒಂದೇ ಕಾಲಕ್ಕೆ ಕಲ್ಲಿಗೆ ತಾಗಿರಬೇಕು. ಬೆನ್ನಿನ ದಪ್ಪವೇ ಬಾಯಿಯ ಕೋನವನ್ನು ಗೊತ್ತುಮಾಡುತ್ತದೆ. ಎರಡು ಪಕ್ಕಗಳೂ ಸೇರಿ ಅದು ಸಾಮಾನ್ಯವಾಗಿ 16, 17 ಅಂಶಗಳ ಆಸುಪಾಸಿನಲ್ಲಿರುತ್ತದೆ. ಮಸೆಯುವವನು ಕೋನವನ್ನು ಅಳೆಯಬೇಕಾಗಿಲ್ಲ, ಕತ್ತಿಯನ್ನು ಮಾಡಿದವನು ಆ ಲೆಕ್ಕವನ್ನು ಬೆನ್ನಿನಲ್ಲಿಯೇ ಇಟ್ಟಿರುತ್ತಾನೆ. ಆದರೆ ಕಲ್ಲು ತಗ್ಗಾದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಅಲಗಿನ ಒಂದು ಭಾಗ ಕಲ್ಲಿಗೆ ತಾಗುತ್ತದೆ, ಮತ್ತೊಂದು ಭಾಗ ತಾಗದೆ ಮೊಂಡಾಗಿಯೇ ಉಳಿಯುತ್ತದೆ. ಎಷ್ಟು ಉಜ್ಜಿದರೂ ವ್ಯರ್ಥ, ಉಜ್ಜಿದಷ್ಟೂ ಹಾನಿ. ಬೆಂಗಳೂರಿನ ಮಗನ ಗಲ್ಲದ ಮೇಲಿನ ಗೀರಿಗೆ ಕಾರಣ ಇದು.

ಅಜ್ಜನು ಹೋದ ಮೇಲೆ ಆ ಕಲ್ಲಿಗೆ ಮನೆಯಲ್ಲಿ ಬೇರೆ ಬೇರೆ ಉದ್ಯೋಗಗಳು ದೊರೆತಿದ್ದವೆಂಬುದು ಅಜ್ಜಿಯ ಬಾಯಿಂದಲೇ ಹೊರಬಿತ್ತು. ಈಳಿಗೆಯ ಅಲಗನ್ನು ಅದರ ಮೇಲೆ ಉಜ್ಜಿದ್ದರು. ಸಾಣೆಕಲ್ಲೆಂಬ ಹೆಸರು ಗಂಧ ತೇಯುವ ಕಲ್ಲಿಗೂ ಇರುವುದರಿಂದ ಒಂದು ಹಬ್ಬದಲ್ಲಿ ಗಂಧವನ್ನೂ ತೇದಿದ್ದರು. ವೃದ್ಧನು ನಕ್ಕನು, ಬೈಯಲಿಲ್ಲ. ಅಂಗಳದ ಶಹಾಬಾದಿ ಹಾಸುಗಲ್ಲಿನಲ್ಲಿ ಸಮವಾದ ಒಂದು ಮೂಲೆಯನ್ನು ಆರಿಸಿ, ನುಣ್ಣಗೆ ಜರಡಿ ಹಿಡಿದ ಮರಳನ್ನು ಹರಡಿ, ನೀರು ಚಿಮುಕಿಸಿ, ಅಜ್ಜನ ಕಲ್ಲನ್ನು ಬೋರಲು ಹಾಕಿ ತಿರುಗಿಸಿ ತಿರುಗಿಸಿ ಉಜ್ಜತೊಡಗಿದನು. ಅದಕ್ಕೆ ಮೊದಲು ಮಗನ ಕೈಯಲ್ಲಿ ಸೀಸದ ಕಡ್ಡಿಯಿಂದ ಕಲ್ಲಿನ ಮೇಲೆ ಚೌಕುಳಿ ಗೆರೆಗಳನ್ನು ಹಾಕಿಸಿದ್ದನು. ಸ್ವಲ್ಪ ಹೊತ್ತಿನಲ್ಲಿ ಅಂಚಿನ ಗೆರೆಗಳೆಲ್ಲ ಅಳಿಸಿಹೋದವು, ನಡುವಿನವು ಹಾಗೆಯೇ ಇದ್ದವು. ಕಾಣದ ತಗ್ಗು ಆಗ ಎಲ್ಲರಿಗೂ ಕಂಡಿತು. ಕೊನೆಯ ಗೆರೆ ಅಳಿಸುವವರೆಗೆ ಉಜ್ಜುವುದೇ ಕಲ್ಲನ್ನು ಸಮಗೊಳಿಸುವ ಕ್ರಮ.

ಪಟ್ಟಣದ ಮನೆಯಲ್ಲಿ ಇದೇ ಕೆಲಸವನ್ನು ದಪ್ಪ ಗಾಜಿನ ಮೇಲೆ ನೀರಿನ ಉಪ್ಪುಕಾಗದವನ್ನು ಅಂಟಿಸಿ ಮಾಡಬಹುದು. ಎರಡು ಕಲ್ಲುಗಳನ್ನೇ ಒಂದಕ್ಕೊಂದು ಉಜ್ಜಿದರೆ ಸಾಲದೆ ಎಂದು ಕೆಲವರು ಕೇಳಿಯಾರು. ಸಾಲದು. ಎರಡು ಕಲ್ಲುಗಳು ಒಂದಕ್ಕೊಂದು ಹೊಂದಿಕೊಂಡು, ಒಂದು ಉಬ್ಬಾಗಿ ಇನ್ನೊಂದು ತಗ್ಗಾಗಿ ಕೂಡ ನಿಲ್ಲಬಹುದು. ಮೂರು ಕಲ್ಲುಗಳನ್ನು ಸರದಿಯಂತೆ ಜೋಡಿಸಿ ಉಜ್ಜಿದರೆ ಮಾತ್ರ ಮೂರೂ ಸಮವಾಗಲೇಬೇಕು. ಇಂಗ್ಲೆಂಡಿನ ಯಂತ್ರಶಿಲ್ಪಿ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಲೋಹದ ಫಲಕಗಳ ವಿಷಯದಲ್ಲಿ ವಿವರಿಸಿದ ತತ್ತ್ವವಿದು. ಇಬ್ಬರೇ ಒಪ್ಪಿಕೊಂಡ ನ್ಯಾಯ ಡೊಂಕಾಗಿರಬಹುದು. ಮೂರನೆಯವನಿಗೂ ಒಪ್ಪಿದಾಗ ಅದು ನೇರ.

ಕಲ್ಲು ಸಮವಾದ ಮೇಲೆ ಅದರ ನಾಲ್ಕು ಅಂಚುಗಳನ್ನು ಸ್ವಲ್ಪ ಉಜ್ಜಿ ದುಂಡಗೆ ಮಾಡಬೇಕು. ಚೂಪಾದ ಅಂಚು ಅಲಗಿಗೆ ತಾಗಿದರೆ ಬಾಯಿ ಚಿಪ್ಪೇಳುತ್ತದೆ. ಅನಂತರ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಮರಳಿನ ಒಂದೇ ಕಣ ಉಳಿದರೂ ಒಂದು ಗಂಟೆಯ ಶ್ರಮವನ್ನು ಅದು ಹಾಳುಮಾಡೀತು.

ಇನ್ನು ಮಸೆಯುವುದು. ವೃದ್ಧನು ಅಜ್ಜನ ಕತ್ತಿಯ ತುಕ್ಕನ್ನು ಎಣ್ಣೆಯ ಬಟ್ಟೆಯಿಂದ ಒರೆಸಿ ತೆಗೆದನು. ಕಲ್ಲಿನ ಮೇಲೆ ನೀರು ಚಿಮುಕಿಸಿ, ಅದೇ ಜಾತಿಯ ಸಣ್ಣ ಚೂರಿನಿಂದ ಉಜ್ಜಿ ಹಾಲಿನಂಥ ರಾಡಿಯನ್ನು ಎಬ್ಬಿಸಿದನು. ಕತ್ತಿಯನ್ನು ಮಲಗಿಸಿ, ಬಾಯಿ ಮುಂದೆ ಬೆನ್ನು ಹಿಂದೆ ಮಾಡಿ, ಕಲ್ಲಿನಿಂದ ತೆಳುವಾದ ಪೊರೆಯನ್ನು ಸುಲಿಯುವವನಂತೆ ನೂಕಿದನು. ಅಲಗು ಕಲ್ಲಿನ ಅಗಲಕ್ಕಿಂತ ಉದ್ದವಾದುದರಿಂದ ಹಿಡಿಯ ಕಡೆಯಿಂದ ತುದಿಯ ಕಡೆಗೆ ಓರೆಯಾಗಿ ಎಳೆಯುತ್ತ ಹೋಗಬೇಕು. ಕಲ್ಲಿನ ಕೊನೆಯಲ್ಲಿ ಬೆನ್ನಿನ ಮೇಲೆಯೇ ಕತ್ತಿಯನ್ನು ಮಗುಚಬೇಕು, ಬಾಯಿಯ ಮೇಲೆ ಎಂದಿಗೂ ಮಗುಚಬಾರದು. ಈ ಪಕ್ಕಕ್ಕೆ ಒಂದು ಸಲವಾದರೆ ಆ ಪಕ್ಕಕ್ಕೂ ಒಂದು ಸಲ. ಕೈಯ ಭಾರ ಬೇಡ, ಕತ್ತಿಯ ಭಾರವೇ ಸಾಕು. ಹೊಸಬರು ಕೆಡಿಸುವುದು ಇಲ್ಲಿಯೇ. ಬೇಗ ಹರಿತವಾಗಲೆಂದು ಒತ್ತುತ್ತಾರೆ; ಒತ್ತಿದರೆ ತೆಳುವಾದ ಅಲಗು ಬಾಗುತ್ತದೆ.

ರಾಡಿಯು ಉಕ್ಕನ್ನು ಬೇಗ ಸವೆಸುತ್ತದೆ, ಆದರೆ ಬಾಯನ್ನು ನಯಗೊಳಿಸಲಾರದು. ಆದಕಾರಣ ಹೋಗುತ್ತ ಹೋಗುತ್ತ ತೊಟ್ಟು ತೊಟ್ಟಾಗಿ ನೀರನ್ನು ಸೇರಿಸಿ ರಾಡಿಯನ್ನು ತಿಳಿಮಾಡಿ, ಕೊನೆಯ ಸುತ್ತನ್ನು ಶುದ್ಧವಾದ ನೀರಿನಲ್ಲಿ ಮುಗಿಸಬೇಕು. ಸರಿಯಾಗಿ ಸಾಗುತ್ತಿದೆ ಎಂಬುದಕ್ಕೆ ನೀರೇ ಸಾಕ್ಷಿ. ಅಲಗಿನ ಮುಂದೆ ನೀರಿನ ಸಣ್ಣ ಅಲೆಯೊಂದು ಹಿಡಿಯಿಂದ ತುದಿಯವರೆಗೆ ಒಂದೇ ಸಮನಾಗಿ ಓಡಬೇಕು. ಎಲ್ಲಿ ಅಲೆ ಮುರಿಯುತ್ತದೆಯೋ ಅಲ್ಲಿ ಬಾಯಿ ಕಲ್ಲನ್ನು ಮುಟ್ಟಿಲ್ಲ. ಸದ್ದೂ ಹೇಳುತ್ತದೆ; ಮೊದಲು ಗರಗರ ಎನ್ನುವ ಕಲ್ಲು ಕೊನೆಗೆ ಪಿಸುಗುಟ್ಟುತ್ತದೆ.

ಬಳಿಕ ತೊಗಲಿನ ಪಟ್ಟಿಯ ಸರದಿ. ಅಲ್ಲಿ ನಡಿಗೆ ತಿರುಗುಮುರುಗು. ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿಯನ್ನು ಬಿಗಿಯಾಗಿ ಹಿಡಿಯದಿದ್ದರೆ ಬಾಯಿ ದುಂಡಗಾಗುತ್ತದೆ. ಐವತ್ತು ಅರವತ್ತು ಸಲ ಹೀಗೆ ತೀಡಿದ ಮೇಲೆ ವೃದ್ಧನು ತನ್ನ ತೋಳಿನ ಒಂದು ಕೂದಲನ್ನು ಕಿತ್ತು ಎರಡು ಬೆರಳಲ್ಲಿ ಹಿಡಿದು ಅಲಗಿಗೆ ತಾಗಿಸಿದನು. ಸದ್ದಿಲ್ಲದೆ ತುಂಡಾಗಿ ಬಿತ್ತು. ಹೆಬ್ಬೆರಳನ್ನು ಅಲಗಿನ ಉದ್ದಕ್ಕೆ ಎಳೆದು ಹರಿತವನ್ನು ನೋಡುವ ಚಟವನ್ನು ವಾಚಕರು ಬಿಡುವುದೊಳ್ಳೆಯದು. ಆ ಪರೀಕ್ಷೆಯಲ್ಲಿ ಕತ್ತಿ ತೇರ್ಗಡೆಯಾದರೆ ಬೆರಳು ಉಳಿಯುವುದಿಲ್ಲ.

ಮನೆಯಲ್ಲಿ ಒಬ್ಬನೇ ಬಳಸುವ ಕತ್ತಿಗೆ ಕಲ್ಲು ಪ್ರತಿದಿನ ಬೇಕಾಗಿಲ್ಲ. ತೊಗಲು ಪ್ರತಿ ಕ್ಷೌರಕ್ಕೆ, ಕಲ್ಲು ಕೆಲವು ವಾರಗಳಿಗೋ ತಿಂಗಳುಗಳಿಗೋ ಒಮ್ಮೆ. ಆದರೆ ಉಕ್ಕಿನ ಬಾಯಿ ಮೆತ್ತನೆಯ ಕೂದಲಿಗೆ ಏಕೆ ಸೋಲಬೇಕು? ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟರು. ಕೂದಲು ಅಲಗಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಕತ್ತರಿಸುವಾಗ ಕೂದಲು ಬಾಗುತ್ತದೆ. ಉಕ್ಕಿನ ಒಳರಚನೆ ಎಲ್ಲಿ ಒಂದೇ ಸಮನಾಗಿಲ್ಲವೋ ಆ ಸಂದಿಯಲ್ಲಿ ಬಾಯಿಯ ಕಣವೊಂದು ಚಿಪ್ಪೆದ್ದು ಹೋಗುತ್ತದೆ. ಗಡಸುತನವೊಂದೇ ರಕ್ಷೆಯಲ್ಲ, ಸಮತೆ ಬೇಕು. ಕಲ್ಲಿನ ವಿಷಯದಲ್ಲಿ ವೃದ್ಧನು ಹೇಳಿದ ಮಾತನ್ನೇ ಉಕ್ಕಿನ ವಿಷಯದಲ್ಲಿ ಸೂಕ್ಷ್ಮದರ್ಶಕವೂ ಹೇಳಿತು.

ಕಲ್ಲಿನ ಆರೈಕೆಗೆ ಇನ್ನು ಕೆಲವು ನಿಯಮಗಳಿವೆ. ನೀರಿನ ಕಲ್ಲಿಗೆ ಎಣ್ಣೆ ಹಾಕಬಾರದು. ಎಣ್ಣೆ ಕುಡಿದ ಕಲ್ಲಿನ ಮೇಲೆ ನೀರು ನಿಲ್ಲುವುದಿಲ್ಲ, ಅದನ್ನು ಹಿಂದಕ್ಕೆ ತರುವುದು ಕಷ್ಟ. ಅರ್ಕಾನ್ಸಾದಂಥ ಕಲ್ಲಿಗೆ ತೆಳುವಾದ ಯಂತ್ರದ ಎಣ್ಣೆ ಸಲ್ಲುತ್ತದೆ. ಅಡುಗೆಯ ಎಣ್ಣೆ ಒಣಗಿ ಜಿಗುಟಾಗಿ ಕಲ್ಲಿನ ಮೈಯನ್ನು ಮುಚ್ಚಿಬಿಡುತ್ತದೆ. ಕೆಲಸ ಮುಗಿದೊಡನೆ ಕಲ್ಲಿಗೆ ಹತ್ತಿದ ಉಕ್ಕಿನ ಕಪ್ಪನ್ನು ತೊಳೆದು ನೆರಳಿನಲ್ಲಿ ಆರಿಸಬೇಕು. ಪದರ ಪದರವಾದ ಕಲ್ಲು ಬಿಸಿಲಿಗೂ ಒಲೆಯ ಶಾಖಕ್ಕೂ ಬಿರಿಯುತ್ತದೆ. ಅಂಥದಕ್ಕೆ ಜಪಾನಿನವರು ಪಕ್ಕಗಳಿಗೆ ಅರಗಿನಂಥ ಲೇಪವನ್ನು ಬಳಿಯುತ್ತಾರೆ. ಈಳಿಗೆಗೆ ಬೇರೆ ಕಲ್ಲು, ಕ್ಷೌರದ ಕತ್ತಿಗೆ ಬೇರೆ ಕಲ್ಲು. ಕತ್ತಿಯನ್ನು ಬಚ್ಚಲುಮನೆಯ ತೇವದಲ್ಲಿ ಇಡಬಾರದು. ಒರೆಸಿ, ಒಂದು ಹನಿ ಎಣ್ಣೆ ಸವರಿ, ಒಣಗಿದ ಜಾಗದಲ್ಲಿಡಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಕೂಸಿನ ತಾಯಿಯು ಸಹಜವಾದ ಪ್ರಶ್ನೆಯನ್ನು ಕೇಳಿದಳು. ಇಷ್ಟು ಹರಿತವಾದ ಕತ್ತಿ ತನ್ನ ಹಡಪದಲ್ಲಿಯೇ ಇರುವಾಗ ವೃದ್ಧನು ಕೂಸಿಗೆ ಬ್ಲೇಡನ್ನೇಕೆ ಹಿಡಿದನು? ಉತ್ತರ ಚಿಕ್ಕದಾಗಿತ್ತು. “ಕತ್ತಿ ಹತ್ತ ಮಂದೀದು, ಕೂಸು ಒಂದ ಮನೀದ್ರಿ.” ಅಮೆರಿಕದ ಜಿಲೆಟ್ ಎಂಬವನು ಬಳಸಿ ಬಿಸುಡುವ ಬ್ಲೇಡನ್ನು ಮಾರುಕಟ್ಟೆಗೆ ತಂದದ್ದು 1903ರಲ್ಲಿ, ಮಸೆಯುವ ಬೇಸರ ತಪ್ಪಲೆಂದು. ಆದರೆ ಅದರ ನಿಜವಾದ ಉಪಕಾರ ಬೇರೆಯದಾಗಿ ತೋರಿತು. ಹೆಪಟೈಟಿಸ್ ಬಿ ಎಂಬ ಕಾಮಾಲೆಯ ವಿಷಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಸಾಕು. ತೊಗಲಿನ ಪಟ್ಟಿಯನ್ನು ಕುದಿಸಿ ಶುದ್ಧಮಾಡಲಾಗುವುದಿಲ್ಲ. ಆದುದರಿಂದ ಅಂಗಡಿಯಲ್ಲಿ ಪ್ರತಿ ತಲೆಗೂ ಹೊಸ ಬ್ಲೇಡೇ ಸರಿ. ಮಸೆಗಲ್ಲಿನ ಕತ್ತಿ ಇಂದು ಒಬ್ಬನ ಸ್ವಂತದ್ದಾಗಿರಬೇಕು. ಅದನ್ನು ಅಣ್ಣತಮ್ಮಂದಿರ ನಡುವೆಯೂ ಹಂಚಿಕೊಳ್ಳಬಾರದು.

ಇದು ನ್ಯಾಯವೇ ಸರಿ. ಆದರೆ ಈ ನ್ಯಾಯದ ಬೆಲೆಯನ್ನು ತೆತ್ತವರಾರು ಎಂಬುದನ್ನೂ ಯೋಚಿಸಬೇಕು. ನಾವಲಿಗನು ಹಿಂದೆ ಊರಿನ ಆಯಗಾರರಲ್ಲಿ ಒಬ್ಬನು. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳನ್ನು ಒಯ್ಯುತ್ತಿದ್ದನು. ಮದುವೆಗೆ ಅವನು ಬೇಕು, ಸಾವಿಗೂ ಅವನು ಬೇಕು. ಊರಿನ ಕೊರಳೆಲ್ಲ ಅವನ ಅಲಗಿನ ಕೆಳಗೆ ನಿಶ್ಚಿಂತೆಯಿಂದ ಬಾಗುತ್ತಿತ್ತು. ಅಷ್ಟು ನಂಬಿಕೆಯನ್ನು ಪಡೆದವನ ಕಸುಬಿನ ಹೆಸರನ್ನೇ ಜನರು ಬೈಗುಳಾಗಿ ಮಾಡಿಕೊಂಡರು. ಹಜಾಮನೆಂಬುದು ಅರಬ್ಬಿ ಮೂಲದ ಮಾತು; ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆಯುವ ಚಿಕಿತ್ಸಕನೆಂದು ಅದರ ಅರ್ಥ. ಚಿಕಿತ್ಸಕನ ಹೆಸರು ಬೈಗುಳಾದ ದೇಶ ಇದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತನಾಗಿದ್ದ ವಚನಕಾರ ಹಡಪದ ಅಪ್ಪಣ್ಣನನ್ನು ಉತ್ತರ ಕರ್ನಾಟಕದ ಈ ಸಮಾಜ ತನ್ನ ಮೂಲಪುರುಷನೆಂದು ಭಾವಿಸುತ್ತದೆ. ಅವನ ಪತ್ನಿ ಲಿಂಗಮ್ಮನೂ ವಚನಗಳನ್ನು ರಚಿಸಿದವಳು. ಅಪ್ಪಣ್ಣನ ಹಡಪ ತಾಂಬೂಲದ ಚೀಲ. ನಾವಲಿಗನ ಹಡಪ ಕಸುಬಿನ ಚೀಲ. ಹೆಸರು ಒಂದೇ. ಆದರೂ ಊರ ಕಟ್ಟುಪಾಡಿನ ಅಂಜಿಕೆಯಿಂದ ಕೆಲವು ತಲೆಗಳಿಗೆ ಕತ್ತಿ ಮುಟ್ಟದೆ ಹೋದದ್ದೂ ಉಂಟು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ಅಪರಾಧವೆಂದು ಸಾರಿತು. 1976ರಲ್ಲಿ ಅದೇ ಕಾಯಿದೆ ನಾಗರಿಕ ಹಕ್ಕುಗಳ ಸಂರಕ್ಷಣೆಯ ಹೆಸರನ್ನು ಪಡೆಯಿತು. ಆ ಅಪರಾಧದ ಸುದ್ದಿ ಇಂದಿಗೂ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಕಲ್ಲಿನ ತಗ್ಗಿನಂತೆ ಊರಿನ ತಗ್ಗೂ ದಿನ ಬಳಸುವವರ ಕಣ್ಣಿಗೆ ಬೀಳುವುದಿಲ್ಲ. ಗೆರೆ ಎಳೆದು ನೋಡಿದರೆ ಮಾತ್ರ ಕಾಣುತ್ತದೆ.

ಬ್ಲೇಡು ಬಂದ ಮೇಲೆ ಮಸೆಯುವ ಕೈಗೆ ಬೆಲೆ ಉಳಿಯಲಿಲ್ಲ. ವೃದ್ಧನ ಮಗನು ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟಿದ್ದಾನೆ. ಕನ್ನಡಿ, ಕುರ್ಚಿ, ದೀಪ ಎಲ್ಲ ಇವೆ, ಕಲ್ಲಿಲ್ಲ. ಅದಕ್ಕಾಗಿ ತಂದೆಗೆ ದುಃಖವೂ ಇಲ್ಲ. ಮಗನ ಗಿರಾಕಿಗಳು ಅವನನ್ನು ಬಹುವಚನದಲ್ಲಿ ಮಾತನಾಡಿಸುತ್ತಾರೆಂಬುದೇ ಅವನಿಗೆ ದೊಡ್ಡ ಸಮಾಧಾನ. ಖಂಡೇಪೂಜೆಯ ದಿನ ಮಾತ್ರ ಹಡಪವನ್ನು ಬಿಚ್ಚಿ ಕಲ್ಲಿಗೆ ವಿಭೂತಿ ಹಚ್ಚಿ ಹೂವೇರಿಸುತ್ತಾನೆ. ಆದರೆ ಪೂಜೆಯಿಂದ ಕಲ್ಲು ಸಮವಾಗುವುದಿಲ್ಲವೆಂದು ಅವನೇ ಹೇಳಿದನು. ಕಲಿಯುವ ಕೈಯೊಂದು ಬೇಕು.

ಹೊತ್ತು ಏರಿತ್ತು. ಬೆಂಗಳೂರಿನ ಮಗನು ಅಂಗಳದ ಹಾಸುಗಲ್ಲಿನ ಮೇಲೆ ವೃದ್ಧನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಅಜ್ಜನ ಕತ್ತಿಯನ್ನು ಅಜ್ಜನ ಕಲ್ಲಿನ ಮೇಲೆ ಮಲಗಿಸಿ ಮೊದಲ ಸಲ ನೂಕಿದನು. ವೃದ್ಧನು ಅವನ ಮಣಿಕಟ್ಟನ್ನು ಹಿಡಿದು ತಡೆದನು. “ಒತ್ತಬ್ಯಾಡ್ರಿ. ಅದರ ಭಾರ ಅದಕ್ಕ ಸಾಕು.” ಎರಡನೆಯ ಸಲ ನೀರು ಅರ್ಧ ಅಲಗಿನವರೆಗೆ ಓಡಿತು. ಹತ್ತನೆಯ ಸಲ ತುದಿಯವರೆಗೆ ಓಡಿತು. ಅಜ್ಜಿಯು ಮರದಲ್ಲಿ ಅಕ್ಕಿ, ಕಾಯಿ, ದಕ್ಷಿಣೆಯನ್ನು ತಂದು ನಿಂತವಳು, ಪಾಠ ಮುಗಿಯುವಂತಿಲ್ಲವೆಂದು ಕಂಡು ಅದನ್ನು ಕಟ್ಟೆಯ ಮೇಲಿಟ್ಟು, ಒಳಗೆ ಎಲೆ ಹಾಕುತ್ತಿದ್ದ ಸೊಸೆಗೆ ಇನ್ನೊಂದು ಎಲೆಯನ್ನು ಸಾಲಿನಲ್ಲಿಯೇ ಹಾಕೆಂದು ಕೂಗಿ ಹೇಳಿದಳು. ನುಣ್ಣಗಾದ ತಲೆಯ ಕೂಸು ಸೋದರಮಾವನ ತೊಡೆಯ ಮೇಲೆ ನಿದ್ದೆಹೋಗಿತ್ತು. ನೆತ್ತಿಯ ಮೇಲೆ ಒಂದು ಗೀರೂ ಇರಲಿಲ್ಲ.